ಇಟಲಿ ಕೋಣೆಗೆ ಒಂದು ಹಂಡೆ

ದುಬೈಯ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ಇಟಲಿ ಕಂಡವರೆಂದರೆ ಮೂರನೆಯ ಮಹಡಿಯ ಮೋಹನದಾಸರು ಒಬ್ಬರೇ. ರಾಸ್ ಅಲ್ ಖೋರಿನಲ್ಲಿ ಅಬ್ದುಲ್ ಸಲಾಂ ಸಾಹೇಬರ ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನಿನ ಅಂಗಡಿಯಲ್ಲಿ ಅವರು ಹತ್ತೊಂಬತ್ತು ವರ್ಷದಿಂದ ಸೇಲ್ಸ್‌ಮನ್. ಹಿಂದೊಮ್ಮೆ ಸಾಹೇಬರು ಅವರನ್ನು ಇಟಲಿಯ ಟೈಲ್ಸ್ ಮೇಳಕ್ಕೆಂದು ನಾಲ್ಕು ದಿನ ಕಳಿಸಿದ್ದರು. ನಾಲ್ಕರಲ್ಲಿ ಮೂರು ದಿನ ಮೋಹನದಾಸರು ಹೊಟ್ಟೆ ಕೆಡಿಸಿಕೊಂಡು ಹೋಟೆಲಿನ ಕೋಣೆಯಲ್ಲಿ ಮಲಗಿ, ಹೆಂಡತಿ ಕಟ್ಟಿಕೊಟ್ಟಿದ್ದ ಅವಲಕ್ಕಿಯ ಮೇಲೆ ಪ್ರಾಣ ಹಿಡಿದುಕೊಂಡಿದ್ದರು. ಉಳಿದ ಒಂದು ದಿನ ಕಮೋಡುಗಳನ್ನು ನೋಡಿದರು. ಆದರೆ ಅನುಭವವನ್ನು ದಿನದ ಲೆಕ್ಕದಲ್ಲಿ ಅಳೆಯುವುದು ಸಣ್ಣವರ ಬುದ್ಧಿ. ಅಂದಿನಿಂದ ಯಾರ ಮನೆಯ ಹುಟ್ಟುಹಬ್ಬಕ್ಕೆ ಪಿಝ್ಝಾ ಬಂದರೂ ಮೊದಲ ತುಂಡು ಮೋಹನದಾಸರಿಗೆ. ಅವರು ಕಣ್ಣು ಮುಚ್ಚಿ ಜಗಿದು, "ಹ್ಞಂ... ಅಲ್ಲಿಯ ಹಾಗೆ ಇಲ್ಲ" ಎಂದು ತೀರ್ಪು ಕೊಟ್ಟ ಮೇಲೆ ನಾವು ಉಳಿದವರು ಸಂಕೋಚದಿಂದ ತಿನ್ನುತ್ತಿದ್ದೆವು.

ಹೀಗಿರುವಾಗ ಒಂದು ದಿನ ಅಂಗಡಿಗೆ ಶಮ್ಮಾ ಎಂಬ ಎಮಿರಾತಿ ಯುವತಿ ಬಂದಳು. ಅಲ್ ಐನ್ ಕಡೆ ಅವಳ ತಂದೆಯ ಖರ್ಜೂರದ ತೋಟವಿತ್ತು. ತೋಟದ ಹಳೆಯ ಮನೆಯನ್ನು ಆರು ಕೋಣೆಗಳ ಅತಿಥಿಗೃಹ ಮಾಡುವ ಕೆಲಸ ನಡೆದಿತ್ತು. ಐದು ಕೋಣೆ ಮುಗಿದಿದ್ದವು. ಆರನೆಯದನ್ನು ಇಟಲಿಯ ಹಳ್ಳಿಗಾಡಿನ ಊಟದ ಸಂಪ್ರದಾಯದಂತೆ ಸಜ್ಜುಗೊಳಿಸಬೇಕೆಂದು ಅವಳ ಆಸೆ. ಹಿಂದಿನ ವರ್ಷ ಅವಳು ಅಲ್ಲಿನ ಒಂದು ಹಳ್ಳಿಯಲ್ಲಿ ಪಿಯರೀನಾ ಎಂಬ ಅಜ್ಜಿಯ ಮನೆಯಲ್ಲಿ ಉಳಿದು ಬಂದಿದ್ದಳು.

"ಇಟಲಿಯಾ? ನಮ್ಮ ಮೋಹನನಿಗೆ ಇಟಲಿ ಅಂದ್ರೆ ಬಾಯಿಪಾಠ ಮೇಡಂ" ಎಂದು ಸಲಾಂ ಸಾಹೇಬರು ಮೋಹನದಾಸರನ್ನು ಮುಂದಕ್ಕೆ ತಳ್ಳಿದರು.

"ಕೋಣೆಯ ಹೆಸರು ಬಾನ್ಯಾ ಕೌದಾ" ಎಂದಳು ಶಮ್ಮಾ. "ಅದು ಏನೆಂದರೆ..."

"ಗೊತ್ತುಂಟು ಮೇಡಂ."

"ಹೌದಾ? ಅಲ್ಲಿಯ ಹಳ್ಳಿಗಳಲ್ಲಿ ಚಳಿಗಾಲಕ್ಕೆ..."

"ಗೊತ್ತುಂಟು, ಗೊತ್ತುಂಟು."

"ಒಳ್ಳೆಯದೇ ಆಯ್ತು. ಹಾಗಾದರೆ ವಿವರಿಸುವ ಅಗತ್ಯವೇ ಇಲ್ಲ" ಎಂದು ಆ ಮುಗ್ಧ ಹುಡುಗಿ ಕೈ ಮುಗಿಯುವುದೊಂದು ಬಾಕಿ ಎಂಬಂತೆ ಹೊರಟುಹೋದಳು. ಬೇಕಾದ ಸಾಮಾನಿನ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸುತ್ತೇನೆಂದಳು. ಮರುದಿನವೇ ಅವಳು ಲಂಡನ್ನಿಗೆ ಹೋಗುವವಳಿದ್ದಳು. ಮೂರು ವಾರ ಬಿಟ್ಟು, ಕೋಣೆಯನ್ನು ಉದ್ಘಾಟಿಸಲಿಕ್ಕೆ ಪಿಯರೀನಾ ಅಜ್ಜಿಯನ್ನೇ ಕರೆದುಕೊಂಡು ಬರುವವಳಿದ್ದಳು.

ಮೋಹನದಾಸರು ತಡೆಯದೆ ಇದ್ದಿದ್ದರೆ ಅವಳು ಹೇಳುತ್ತಿದ್ದದ್ದು ಇಷ್ಟೇ: ಬಾನ್ಯಾ ಕೌದಾ ಎಂದರೆ ಒಂದು ಪದಾರ್ಥ. ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನೂ ಉಪ್ಪಿಟ್ಟ ಸಣ್ಣ ಮೀನನ್ನೂ ಕರಗುವವರೆಗೆ ಬೇಯಿಸಿ, ಬಿಸಿಬಿಸಿ ಇರುವಾಗಲೇ ಹಸಿ ತರಕಾರಿ ಅದ್ದಿ ತಿನ್ನುವುದು. ಹತ್ತು ಸೆಕೆಂಡಿನ ಮಾತು. ಆದರೆ "ಗೊತ್ತುಂಟು" ಎನ್ನಲು ಒಂದೇ ಸೆಕೆಂಡು ಸಾಕು.

ಅವಳು ಹೋದ ಮೇಲೆ ಸಾಹೇಬರು ಕೇಳಿದರು. "ಎಂಥದಾ ಅದು, ಬನಿಯನ್ ಕೌದಾ? ಬನಿಯನ್ನಿನ ಕಂಪೆನಿಯಾ?"

"ಬನಿಯನ್ ಅಲ್ಲ ಸಾಹೇಬ್ರೇ. ಬಾ-ನ್ಯಾ. ನಾಲಿಗೆ ಮೇಲಕ್ಕೆ ಹೋಗ್ಬೇಕು."

"ನಾಲಿಗೆ ಎಲ್ಲಿ ಬೇಕಾದ್ರೂ ಹೋಗ್ಲಿ ಮಾರಾಯ. ಈ ಕೋಣೆ ಸರಿಯಾದ್ರೆ ಅವರ ಇಡೀ ತೋಟದ ಕೆಲಸ ನಮಗೆ. ಕೆಟ್ಟರೆ ನೀನು ಊರಿಗೆ ಟಿಕೆಟ್ ನೋಡು. ಖಲಾಸ್."

ಮೋಹನದಾಸರ ಮಗಳು ಯಶ್ಮಿತಾ ಹನ್ನೆರಡನೆಯ ಕ್ಲಾಸಿನಲ್ಲಿದ್ದಳು. ಅಪ್ಪನ ವೀಸಾ ಹೋದರೆ ಪರೀಕ್ಷೆಯ ಮೊದಲೇ ಅವಳೂ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಆ ಸಂಜೆ ಮೋಹನದಾಸರು ಮನೆಗೆ ಬಂದವರೇ ಅಂಗಿ ಬದಲಿಸುವ ಮೊದಲು ಫೋನು ಹಿಡಿದು, ಬಾನ್ಯಾ ಕೌದಾ ಎಂದು ಬರೆದು, ಅರ್ಥ ಹೇಳೆಂದರು. ಫೋನು ಹೇಳಿತು: ಬಿಸಿ ಸ್ನಾನ.

ಪದಕ್ಕೆ ಪದ ಇಟ್ಟು ನೋಡಿದರೆ ಅದು ಸುಳ್ಳೂ ಅಲ್ಲ. ಇಟಲಿಯವರು ಸಾರಿಗೆ ಸ್ನಾನದ ಹೆಸರಿಟ್ಟಿದ್ದಾರೆ, ಅದಕ್ಕೆ ಫೋನೇನು ಮಾಡೀತು? ಮೋಹನದಾಸರ ಮುಖ ಅರಳಿತು. ಹತ್ತೊಂಬತ್ತು ವರ್ಷ ಶವರು, ನಲ್ಲಿ, ಬಾತ್‌ಟಬ್ ಮಾರಿದ ಮನುಷ್ಯನಿಗೆ ಬಿಸಿ ಸ್ನಾನದ ಕೆಲಸ ಒಪ್ಪಿಸುವುದೆಂದರೆ ದೇವರು ಕೊಟ್ಟ ಪ್ರಮೋಷನ್.

"ಊಟದ ಸಂಪ್ರದಾಯ ಅಂದ್ರಿ, ಈಗ ಸ್ನಾನ ಅಂತೀರಿ?" ಎಂದು ಹೆಂಡತಿ ಲೋಲಾಕ್ಷಿ ಕೇಳಿದರು.

"ಸ್ನಾನ ಮಾಡದೆ ಯಾರಾದ್ರೂ ಊಟ ಮಾಡ್ತಾರಾ? ದೀಪಾವಳಿಗೆ ನಾವು ಎಂತ ಮಾಡೋದು? ಮೊದಲು ಎಣ್ಣೆ ಸ್ನಾನ, ಮತ್ತೆ ಊಟ. ಅಲ್ಲಿಯೂ ಹಾಗೆಯೇ."

"ನೀವು ಅಲ್ಲಿ ನೋಡಿದ್ದೀರಾ?"

"ಎಲ್ಲ ನೋಡಲಿಕ್ಕೆ ಆಗ್ತದಾ? ವಾತಾವರಣದಲ್ಲೇ ಗೊತ್ತಾಗ್ತದೆ."

ಯಶ್ಮಿತಾ ಪುಸ್ತಕದಿಂದ ತಲೆ ಎತ್ತದೆ ತನ್ನ ಫೋನಿನಲ್ಲಿ ಹುಡುಕಿ ಹೇಳಿದಳು. "ಪಪ್ಪಾ, ಇಟ್ಸ್ ಎ ಹಾಟ್ ಡಿಪ್."

"ನೋಡು! ಡಿಪ್ ಅಂದ್ರೆ ಎಂತ? ಮುಳುಗುವುದು. ಹಾಟ್ ಡಿಪ್, ಬಿಸಿನೀರಲ್ಲಿ ಮುಳುಗುವುದು."

"ನೋ ಪಪ್ಪಾ, ಯೂ ಡಿಪ್ ಕ್ಯಾರೆಟ್ಸ್..."

"ಸಾಕು, ನೀನು ಓದು."

ಅಷ್ಟರಲ್ಲಿ ಶಮ್ಮಾಳ ಪಟ್ಟಿ ಬಂತು. ಮಣ್ಣಿನ ಪಾತ್ರೆ, ಅದರಡಿಯಲ್ಲಿ ಸಣ್ಣ ಬೆಂಕಿ. ಆಲಿವ್ ಎಣ್ಣೆ ಐದು ಲೀಟರ್. ಬೆಳ್ಳುಳ್ಳಿ ಎರಡು ಕಿಲೋ. ಉಪ್ಪಿನಲ್ಲಿರುವ ಸಣ್ಣ ಮೀನು. ಕ್ಯಾರೆಟ್, ದೊಣ್ಣೆ ಮೆಣಸು, ಎಲೆಕೋಸು. ಕೊನೆಗೆ ಒಂದು ಟಿಪ್ಪಣಿ: ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಊರಿನವರೆಲ್ಲ ಒಂದೇ ಪಾತ್ರೆಯ ಸುತ್ತ ಸೇರಿ ಒಟ್ಟಿಗೆ ಅದ್ದುವ ಸಂಪ್ರದಾಯ, ಆ ಆತ್ಮೀಯತೆ ಕೋಣೆಯಲ್ಲಿ ಕಾಣಬೇಕು.

ಬುದ್ಧಿವಂತನಾದವನಿಗೆ ಈ ಪಟ್ಟಿ ನೋಡಿ ಅಡುಗೆಮನೆ ನೆನಪಾಗುತ್ತಿತ್ತು. ಆದರೆ ಮೋಹನದಾಸರು ಬುದ್ಧಿವಂತಿಕೆಗಿಂತ ಒಂದು ಮೆಟ್ಟಿಲು ಮೇಲಿದ್ದರು, ಅವರು ತಜ್ಞರು. ಪಾತ್ರೆ, ಬೆಂಕಿ ಎಂದರೆ ನೀರು ಕಾಯಿಸುವ ಹಂಡೆ. ಎಣ್ಣೆ ಮೈಗೆ. ತರಕಾರಿ ಮುಖಕ್ಕೆ, ಬ್ಯೂಟಿ ಪಾರ್ಲರಿನಲ್ಲಿ ಸೌತೆಕಾಯಿ ಇಡುವುದಿಲ್ಲವೇ? ಮೀನಿನ ಬಳಿ ಮಾತ್ರ ಅವರು ಅರ್ಧ ಗಂಟೆ ನಿಂತರು. ಆಮೇಲೆ ತೊಡೆ ತಟ್ಟಿಕೊಂಡರು.

"ಮಾಲ್‌ನಲ್ಲಿ ಕಾಲು ಇಳಿಬಿಟ್ಟು ಕೂತ್ಕೊಳ್ತಾರಲ್ಲ! ಪಾದದ ಸತ್ತ ಚರ್ಮ ತಿನ್ನುವ ಮೀನು! ಇದರ ಮೂಲ ಇಟಲಿ, ಈಗ ಗೊತ್ತಾಯ್ತು."

"ಬೆಳ್ಳುಳ್ಳಿ ಯಾಕೆ?" ಎಂದರು ಲೋಲಾಕ್ಷಿ.

"ಬಾಣಂತಿಯರಿಗೆ ಬೆಳ್ಳುಳ್ಳಿ ಎಣ್ಣೆ ಹಚ್ಚುವುದಿಲ್ವಾ ನೀವೆಲ್ಲ? ನಾಳೆ ಎರಡು ಕಿಲೋ ತರ್ತೇನೆ, ನೀನೇ ಕಾಯಿಸಿ ಕೊಡು."

ಹಾಗೆ ಒಂದು ಶುಕ್ರವಾರ ಬೆಳಿಗ್ಗೆ ಮೂರನೆಯ ಮಹಡಿಯಲ್ಲಿ ಐದು ಲೀಟರ್ ಆಲಿವ್ ಎಣ್ಣೆಯಲ್ಲಿ ಎರಡು ಕಿಲೋ ಬೆಳ್ಳುಳ್ಳಿ ಕುದಿಯಿತು. ಪರಿಮಳ ಮೊದಲು ಕಾರಿಡಾರಿಗೆ, ಅಲ್ಲಿಂದ ಲಿಫ್ಟಿಗೆ, ಲಿಫ್ಟಿನಿಂದ ಹನ್ನೊಂದು ಮಹಡಿಗೂ ಸಮನಾಗಿ ಹಂಚಿಕೆಯಾಯಿತು. ಕರಾವಳಿಯ ಹೆಂಗಸರ ಮೂಗಿಗೆ ಆ ವಾಸನೆಯ ಅರ್ಥ ಒಂದೇ. ಹತ್ತು ಗಂಟೆಯ ಹೊತ್ತಿಗೆ ಐದನೆಯ ಮಹಡಿಯ ಶಹನಾಝ್ ಕೈಯಲ್ಲೊಂದು ಪೊಟ್ಟಣ ಹಿಡಿದು ಬಾಗಿಲು ತಟ್ಟಿದರು.

"ಲೋಲಾಕ್ಷಿಯಕ್ಕಾ, ಹೇಳಲೇ ಇಲ್ಲವಲ್ಲ ನೀವು! ಗಂಡಾ ಹೆಣ್ಣಾ?"

"ಎಂತ ಗಂಡು ಹೆಣ್ಣು?"

"ಮಗು ಅಕ್ಕಾ, ಮಗು! ಎಣ್ಣೆ ಕಾಯಿಸುವ ವಾಸನೆ ಬಂತು. ಹೊಟ್ಟೆ ಕಾಣ್ತಾ ಇರ್ಲಿಲ್ಲ, ನಿಮ್ಮದು ಹಾಗೆಯೇ ಮೈಕಟ್ಟಲ್ವಾ?"

ನಲವತ್ತಾರು ವರ್ಷದ ಲೋಲಾಕ್ಷಿ ಬಾಗಿಲಲ್ಲೇ ಕಲ್ಲಾದರು. ಇದು ಇಟಲಿಯ ಸ್ನಾನದ ಎಣ್ಣೆ ಎಂದು ವಿವರಿಸಿದಷ್ಟೂ ಶಹನಾಝರ ಮುಖದಲ್ಲಿ ಕರುಣೆ ಹೆಚ್ಚಿತು. ಇಂಥ ಸುದ್ದಿಯನ್ನು ಇಷ್ಟು ವಿಚಿತ್ರ ಸುಳ್ಳು ಹೇಳಿ ಮುಚ್ಚಿಡಬೇಕಾದರೆ ಪಾಪ, ಏನು ಕಷ್ಟವೋ ಎಂದು ಅವರು ಪೊಟ್ಟಣವನ್ನು ಅಲ್ಲೇ ಇಟ್ಟು ಹೋದರು. ಸಂಜೆಯೊಳಗೆ ವಾಚ್‌ಮನ್ ಕೂಡ ಮೋಹನದಾಸರ ಕೈ ಕುಲುಕಿ ಮುಬಾರಕ್ ಹೇಳಿದ. ಯಶ್ಮಿತಾ ಮೂರು ದಿನ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಹತ್ತಿಳಿದಳು.

ಮೋಹನದಾಸರಿಗೆ ಇದಾವುದೂ ತಟ್ಟಲಿಲ್ಲ. ಅವರು ನೈಫ್ ಪೇಟೆಯಲ್ಲಿ ಪಾತ್ರೆ ಅಂಗಡಿಯ ಜಂಶೀರನ ಮುಂದೆ ಕುಳಿತು, ಮಣ್ಣಿನದು ಸಿಗದ ಕಾರಣ ತಾಮ್ರದ ಹಂಡೆಯನ್ನು ಆರಿಸುತ್ತಿದ್ದರು.

"ಎಷ್ಟು ಜನರ ಬಿರಿಯಾನಿಗೆ ಮೋಹನಣ್ಣ?"

"ಬಿರಿಯಾನಿಗಲ್ಲ. ಜನ ಒಳಗೆ ಇಳಿಲಿಕ್ಕೆ."

ಜಂಶೀರ್ ಒಂದು ಕ್ಷಣ ಅವರನ್ನು ನೋಡಿ, ವ್ಯಾಪಾರದಲ್ಲಿ ಹೆಚ್ಚು ಪ್ರಶ್ನೆ ಕೇಳಬಾರದೆಂಬ ತನ್ನ ತಂದೆಯ ಮಾತು ನೆನೆದು, ಅತಿ ದೊಡ್ಡದನ್ನು ಹೊರಗೆಳೆದ. ಆದರೂ ಅದರಲ್ಲಿ ಒಬ್ಬರು ಕುಕ್ಕರುಗಾಲಲ್ಲಿ ಕೂರಬಹುದಿತ್ತೇ ಹೊರತು ಊರಿನವರೆಲ್ಲ ಅಲ್ಲ. ಆದ್ದರಿಂದ ಹಂಡೆಯಲ್ಲಿ ನೀರು ಕಾಯಿಸುವುದು, ಪಕ್ಕದ ದೊಡ್ಡ ತೊಟ್ಟಿಯಲ್ಲಿ ಮುಳುಗುವುದು ಎಂದು ನಕ್ಷೆ ಬದಲಾಯಿತು. ಮೀನಿಗೆ ಬೇರೆ ಗಾಜಿನ ತೊಟ್ಟಿ. ಉಪ್ಪು ಹಾಕಿದರೆ ಮೀನು ಸಾಯುತ್ತದೆಂದು ಅಕ್ವೇರಿಯಂ ಅಂಗಡಿಯವನು ಎಚ್ಚರಿಸಿದ್ದರಿಂದ ಶಾಸ್ತ್ರಕ್ಕೆ ಒಂದು ಚಿಟಿಕೆ ಮಾತ್ರ.

ಉದ್ಘಾಟನೆಗೆ ಎರಡು ದಿನ ಮುಂಚೆ ಸಲಾಂ ಸಾಹೇಬರು ತೋಟಕ್ಕೆ ಕೋಣೆ ನೋಡಲು ಬಂದರು. ನೀಲಿ ಟೈಲ್ಸಿನ ತೊಟ್ಟಿ, ಉರಿಯುವ ಒಲೆ, ಹೊಳೆಯುವ ಹಂಡೆ ಕಂಡು ತೃಪ್ತಿಯಿಂದ ತಲೆಯಾಡಿಸಿದರು. ಇಷ್ಟು ದೊಡ್ಡ ತೊಟ್ಟಿ ಯಾಕೆಂದು ಕೇಳಿದಾಗ ಮೋಹನದಾಸರು ಶಮ್ಮಾಳ ಟಿಪ್ಪಣಿ ಓದಿ ಹೇಳಿದರು.

"ಊರಿನವರೆಲ್ಲ ಒಟ್ಟಿಗಾ?" ಸಾಹೇಬರ ದನಿ ಇಳಿಯಿತು. "ಗಂಡಸರು ಹೆಂಗಸರು?"

"ಆತ್ಮೀಯತೆ ಕಾಣ್ಬೇಕಂತೆ ಸಾಹೇಬ್ರೇ."

"ಆತ್ಮೀಯತೆ! ನನ್ನನ್ನು ಜೈಲಿಗೆ ಹಾಕ್ಲಿಕ್ಕೆ ಬಂದಿದ್ದೀಯಾ? ಇದು ಎಂಥ ಊರು ಗೊತ್ತುಂಟಾ? ನಾನು ಹಜ್ ಮಾಡಿದವ ಮಾರಾಯ! ಯಲ್ಲಾ, ಈಗಲೇ ಪರದೆ ಕಟ್ಟು!"

ತೊಟ್ಟಿಯ ನಟ್ಟನಡುವೆ ದಪ್ಪ ಪರದೆ ಬಂತು. ಈ ಕಡೆ ಗಂಡಸರು, ಆ ಕಡೆ ಹೆಂಗಸರು ಎಂದು ಎರಡು ಬೋರ್ಡು ಬಂದವು. ಹೀಗೆ ಇಟಲಿಯ ಒಂದು ಸಾರು ಅರಬ್ ದೇಶದ ಮರ್ಯಾದೆಗೆ ಒಳಪಟ್ಟಿತು.

ಆ ದಿನ ಬಂತು. ಶಮ್ಮಾಳ ಕಾರಿನಿಂದ ಪಿಯರೀನಾ ಅಜ್ಜಿ ಇಳಿದರು. ಎಪ್ಪತ್ತೈದರ ಮೇಲಿನ ವಯಸ್ಸು, ಗುಂಡಗಿನ ದೇಹ, ವಿಮಾನದಲ್ಲಿ ಕುಳಿತು ಊದಿದ ಕಾಲು. ಅವರ ಹಿಂದೆಯೇ, ಅತಿಥಿಗೃಹಕ್ಕೆ ಒಪ್ಪಿಗೆ ಕೊಡಬೇಕಾದ ಇನ್‌ಸ್ಪೆಕ್ಟರ್ ಬಂದರು. ಬಿಳಿಯ ಕಂದೂರಾ ನಿಲುವಂಗಿ, ಕೈಯಲ್ಲೊಂದು ಟ್ಯಾಬ್, ಮುಖದಲ್ಲಿ ನಗು ಮಾಫಿ, ಅಂದರೆ ಇಲ್ಲವೇ ಇಲ್ಲ. ಮೋಹನದಾಸರು ಟೈ ಕಟ್ಟಿಕೊಂಡು ಸಲಾಂ ಸಾಹೇಬರ ಜೊತೆ ಬಾಗಿಲಲ್ಲಿ ನಿಂತಿದ್ದರು. ಮಹಿಳಾ ಅತಿಥಿಗಳಿಗೆ ಎಣ್ಣೆ ಹಚ್ಚಲೆಂದು ಲೋಲಾಕ್ಷಿಯನ್ನೂ ಹೊರಡಿಸಿಕೊಂಡು ಬಂದಿದ್ದರು. ಬಾಗಿಲು ತೆರೆಯಿತು. ಹಬೆ ಹೊರಬಂತು. ಹಬೆಯ ಹಿಂದೆ ಬೆಳ್ಳುಳ್ಳಿ ಬಂತು.

ಅಜ್ಜಿ ಒಳಗೆ ಕಾಲಿಟ್ಟು ಹಂಡೆ ನೋಡಿದರು, ಪರದೆ ನೋಡಿದರು, ಮಡಚಿಟ್ಟ ಟವೆಲು ನೋಡಿದರು. ಮೂಗರಳಿಸಿ ಎಣ್ಣೆಯ ಪಾತ್ರೆಯ ಬಳಿ ಹೋಗಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಏನೋ ಅಂದರು. ಶಮ್ಮಾ ಅದನ್ನು ಅನುವಾದಿಸಿದಳು. "ಉಪ್ಪು ಸಾಲದಂತೆ. ಮೀನೆಲ್ಲಿ ಎಂದು ಕೇಳುತ್ತಿದ್ದಾರೆ."

ಮೋಹನದಾಸರು ವಿನಯದಿಂದ ಗಾಜಿನ ತೊಟ್ಟಿ ತೋರಿಸಿದರು. ಅಜ್ಜಿ ಮೀನುಗಳನ್ನು ನೋಡಿದರು. ಮೀನುಗಳು ಅಜ್ಜಿಯನ್ನು ನೋಡಿದವು.

"ಇವು ಬದುಕಿವೆ" ಎಂದಳು ಶಮ್ಮಾ, ತನ್ನದೇ ಮಾತಿನಲ್ಲಿ.

"ಹೌದು ಮೇಡಂ, ಫ್ರೆಶ್. ಅಜ್ಜಿ ಚಪ್ಪಲಿ ಬಿಚ್ಚಲಿ, ನೀರು ಹದವಾಗಿದೆ."

ಶಮ್ಮಾ ತಲೆ ಹಿಡಿದುಕೊಂಡು ಅಂದಳು. "ಮಿಸ್ಟರ್ ಮೋಹನ್, ಬಾನ್ಯಾ ಕೌದಾ ತಿನ್ನುವ ವಸ್ತು."

ಸಲಾಂ ಸಾಹೇಬರು ಪರದೆಯ ಆ ಕಡೆ, ಹೆಂಗಸರ ಬೋರ್ಡಿನ ಹಿಂದೆ ಮರೆಯಾದರು.

ಮೊದಲು ಮುಂದೆ ಬಂದವರು ಇನ್‌ಸ್ಪೆಕ್ಟರ್. ಅವರ ಟ್ಯಾಬಿನಲ್ಲಿ ಎರಡೇ ಚೌಕಗಳಿದ್ದವು. ಒಂದು ಆಹಾರದ ಜಾಗ, ಇನ್ನೊಂದು ಸ್ನಾನದ ಜಾಗ. "ಇದು ಯಾವುದು? ಆಹಾರವಾದರೆ ನೆಲದಲ್ಲಿ ಮೋರಿ ಯಾಕೆ, ಟವೆಲ್ ಯಾಕೆ? ಸ್ನಾನವಾದರೆ ಬೆಳ್ಳುಳ್ಳಿ, ಎಲೆಕೋಸು ಯಾಕೆ? ಜೀವಂತ ಮೀನು ಯಾವ ಚೌಕದಲ್ಲಿ ಬರುತ್ತದೆ?"

ಎಲ್ಲರೂ ಮೋಹನದಾಸರನ್ನು ನೋಡಿದರು. ಬಾಯಿಗೆ ಬಂದಿದ್ದ "ಗೊತ್ತುಂಟು" ಅರ್ಧದಲ್ಲಿ ನಿಂತಿತು. ಅವರ ಟೈ ಹಬೆಗೆ ಒದ್ದೆಯಾಗಿತ್ತು. ಮಗಳ ಪರೀಕ್ಷೆ ಕಣ್ಣಮುಂದೆ ಬಂತು.

"ಸರ್, ತಪ್ಪಾಯ್ತು" ಎಂದರು. "ನನಗೆ ಇಟಲಿ ಗೊತ್ತಿಲ್ಲ. ಹೋಗಿದ್ದು ಹೌದು, ಆದರೆ ಹೋಟೆಲಿನ ಕೋಣೆಯಲ್ಲಿ ಮಲಗಿದ್ದೆ. ಮೇಡಂ ಹೇಳ್ಲಿಕ್ಕೆ ಬಂದಾಗ ನಾನೇ ಬಿಡಲಿಲ್ಲ. ಸಾಹೇಬರದ್ದು ಇದರಲ್ಲಿ ಏನೂ ಇಲ್ಲ."

ಇನ್‌ಸ್ಪೆಕ್ಟರ್ ಟ್ಯಾಬನ್ನು ಮೇಲೆ ಕೆಳಗೆ ಸರಿಸಿ ನೋಡಿದರು. ತಪ್ಪಿಗೆ ಚೌಕವಿರಲಿಲ್ಲ. "ಹಾಗಾದರೆ ಸೀಲ್ ಹಾಕುತ್ತೇನೆ. ಎಲ್ಲರೂ ಹೊರಗೆ ಬನ್ನಿ."

ಶಮ್ಮಾ ಇಷ್ಟನ್ನೂ ಇಟಾಲಿಯನ್ನಿನಲ್ಲಿ ಅಜ್ಜಿಯ ಕಿವಿಗೆ ಹಾಕಿದಳು. ಕೇಳುತ್ತಾ ಕೇಳುತ್ತಾ ಅಜ್ಜಿಯ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು. ಆಮೇಲೆ ಅವರು ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಮಣೆಯ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ, ಊದಿದ ಎರಡೂ ಪಾದವನ್ನು ಮೀನಿನ ತೊಟ್ಟಿಗೆ ಇಳಿಬಿಟ್ಟರು. ಮೀನುಗಳು ಕೆಲಸಕ್ಕೆ ಹಾಜರಾದವು.

"ಆಹ್" ಎಂದರು ಅಜ್ಜಿ. ಅದಕ್ಕೆ ಅನುವಾದ ಬೇಕಾಗಲಿಲ್ಲ.

"ಅಮ್ಮಾ, ಏಳಬೇಕು, ಸೀಲ್ ಹಾಕಬೇಕು" ಎಂದರು ಇನ್‌ಸ್ಪೆಕ್ಟರ್.

ಅಜ್ಜಿ ಏಳಲಿಲ್ಲ. ಅತಿಥಿ ಒಳಗಿರುವಾಗ ಕೋಣೆಗೆ ಸೀಲ್ ಹಾಕುವಂತಿಲ್ಲ ಎಂಬ ನಿಯಮವೂ ಅದೇ ಟ್ಯಾಬಿನಲ್ಲಿತ್ತು. ಇನ್‌ಸ್ಪೆಕ್ಟರ್ ಗೋಡೆಗೊರಗಿ ಕಾಯುತ್ತಾ ನಿಂತರು. ಲೋಲಾಕ್ಷಿ, ಅಜ್ಜಿ ಮಂಡಿ ಒತ್ತಿಕೊಳ್ಳುವುದನ್ನು ಕಂಡು ಯಾರ ಅಪ್ಪಣೆಗೂ ಕಾಯದೆ ನೆಲದ ಮೇಲೆ ಕುಳಿತರು. ಬೆಚ್ಚಗಿನ ಬೆಳ್ಳುಳ್ಳಿ ಎಣ್ಣೆ ಅಂಗೈಗೆ ಸುರಿದುಕೊಂಡು ಮಂಡಿಯಿಂದ ಕೆಳಕ್ಕೆ ನೀವತೊಡಗಿದರು. ಊರಲ್ಲಿ ಅವರ ಅಜ್ಜಿ ಮೂವತ್ತು ಮನೆಯ ಬಾಣಂತಿಯರನ್ನು ನೋಡಿಕೊಂಡವರು. ಆ ಕೈಗುಣ ಮೊಮ್ಮಗಳಿಗೂ ಬಂದಿತ್ತು.

ಅರ್ಧ ಗಂಟೆಯಾಯಿತು. ಇನ್‌ಸ್ಪೆಕ್ಟರ್ ಕಾಲು ಬದಲಿಸಿದರು. ಸೊಂಟ ಹಿಡಿದುಕೊಂಡರು. ಕೆಮ್ಮಿದರು. ಮೋಹನದಾಸರ ಬಳಿ ಸರಿದು ಮೆಲ್ಲಗೆ ಕೇಳಿದರು. "ಈ ಎಣ್ಣೆ... ಬೆನ್ನಿಗೂ ಆಗುತ್ತದಾ? ಇಡೀ ದಿನ ಕಾರಿನಲ್ಲೇ ಕೂರುವ ಕೆಲಸ ನೋಡಿ."

ಮೋಹನದಾಸರು ಹೆಂಡತಿಯತ್ತ ಕೈ ತೋರಿಸಿದರು. "ಗೊತ್ತಿಲ್ಲ ಸರ್. ಅವಳನ್ನು ಕೇಳ್ಬೇಕು."

"ಆಗ್ತದೆ" ಎಂದರು ಲೋಲಾಕ್ಷಿ ತಿರುಗದೆ. "ಮೂರು ದಿನ ಹಚ್ಚಬೇಕು. ತಣ್ಣೀರು ಮುಟ್ಟಬಾರದು."

ಟ್ಯಾಬಿನಲ್ಲಿ ಸ್ನಾನದ ಚೌಕಕ್ಕೆ ಗುರುತು ಬಿತ್ತು. ಕೆಳಗೆ ಷರಾ: ಬೆಳ್ಳುಳ್ಳಿ ಔಷಧಕ್ಕಾಗಿ. ಮೀನಿನ ಬಗ್ಗೆ ಅವರು ಏನೂ ಬರೆಯಲಿಲ್ಲ. ತೊಟ್ಟಿ ತಮ್ಮ ಕಣ್ಣಿಗೆ ಬೀಳದಂತೆ ಟ್ಯಾಬನ್ನು ಸ್ವಲ್ಪ ಎತ್ತಿ ಹಿಡಿದರು, ಅಷ್ಟೇ.

ಆ ಸಂಜೆ ತೋಟದ ಅಡುಗೆಮನೆಯಲ್ಲಿ ಅಜ್ಜಿಯೇ ನಿಂತು ಅಸಲಿ ಬಾನ್ಯಾ ಕೌದಾ ಮಾಡಿದರು. ಉಪ್ಪು ಮೀನಿಗೆ ಲೋಲಾಕ್ಷಿ ಫ್ಲ್ಯಾಟಿನಿಂದ ಒಣಗಿದ ಕೊಲ್ಲತರು ಮೀನು ತರಿಸಿಕೊಟ್ಟರು. ಎಲ್ಲರೂ ಒಂದೇ ಪಾತ್ರೆಯ ಸುತ್ತ ಕುಳಿತು ಕ್ಯಾರೆಟ್ ಅದ್ದಿದರು. ಸ್ನಾನದ ಕೋಣೆ ಹಾಗೇ ಇರಲಿ, ಪಕ್ಕದಲ್ಲಿ ಊಟದ ಕೋಣೆ ಬೇರೆ ಕಟ್ಟಿಸೋಣ ಎಂದಳು ಶಮ್ಮಾ. ಅದನ್ನು ಕೇಳಿದ ಮೇಲೆ ಸಲಾಂ ಸಾಹೇಬರ ಹಸಿವು ಕೆರಳಿತು.

"ಸಾಹೇಬ್ರೇ, ನನಗೆ ಇಟಲಿ ಗೊತ್ತಿಲ್ಲ ಅಂತ ಈಗ ಗೊತ್ತಾಯ್ತಲ್ಲ" ಎಂದರು ಮೋಹನದಾಸರು ತಲೆ ತಗ್ಗಿಸಿ. "ನನ್ನ ಟಿಕೆಟ್..."

"ಈಗ ಗೊತ್ತಾದ್ದಾ? ನೀನು ಇಟಲಿಯಿಂದ ಬಂದ ದಿನವೇ ಹೋಟೆಲಿನವರು ನನಗೆ ಫೋನ್ ಮಾಡಿದ್ರು, ನಿಮ್ಮ ಮನುಷ್ಯ ಮೂರು ದಿನ ಬಾಗಿಲೇ ತೆಗೀಲಿಲ್ಲ ಅಂತ. ಗೊತ್ತಿಲ್ಲ ಅನ್ನುವವರನ್ನು ಇಟ್ಟುಕೊಂಡು ಅಂಗಡಿ ನಡೀತದಾ ಮಾರಾಯ? ಸುಮ್ಮನೆ ತಿನ್ನು."

ಹೊರಡುವ ದಿನ ಪಿಯರೀನಾ ಅಜ್ಜಿ ಒಂದು ಕೋರಿಕೆ ಇಟ್ಟರು. ತಮ್ಮ ಹಳ್ಳಿಯ ಮುದುಕಿಯರಿಗೆಲ್ಲ ಚಳಿಗಾಲದಲ್ಲಿ ಮಂಡಿನೋವು, ಹದಿನೈದು ದಿನ ಬಂದು ಎಣ್ಣೆ ಹಚ್ಚುವುದನ್ನು ಕಲಿಸಿಕೊಡಬೇಕು ಎಂದು. ಕೋರಿದ್ದು ಲೋಲಾಕ್ಷಿಯನ್ನು. ಮೋಹನದಾಸರನ್ನು ಯಾರೂ ಕರೆಯಲಿಲ್ಲ. ವೀಸಾದ ಕಾಗದವನ್ನೆಲ್ಲ ಶಮ್ಮಾ ಮಾಡಿಸಿದಳು. ಯಶ್ಮಿತಾಳ ಪರೀಕ್ಷೆ ಮುಗಿದ ವಾರ ಲೋಲಾಕ್ಷಿ ಹೊರಟುಬಿಟ್ಟರು.

ಹೋಗಿ ಒಂಬತ್ತನೆಯ ದಿನ ಮಧ್ಯಾಹ್ನ ವಿಡಿಯೋ ಕರೆ ಬಂತು. ಮೋಹನದಾಸರು ಸೋಫಾದಲ್ಲಿ ಅನ್ನ ಮೊಸರು ಉಣ್ಣುತ್ತಿದ್ದರು. ಪರದೆಯ ಮೇಲೆ ಲೋಲಾಕ್ಷಿ, ಅವರ ಹಿಂದೆ ತಲೆಗೆ ಎಣ್ಣೆ ಸುರಿದುಕೊಂಡ ಎಂಟು ಹತ್ತು ಅಜ್ಜಿಯರು, ಅವರ ಹಿಂದೆ ಅರ್ಧ ಎದ್ದ ಒಂದು ಗೋಡೆ.

"ಹೇಗುಂಟು ಇಟಲಿ?" ಎಂದರು ಮೋಹನದಾಸರು.

"ಅದು ಮತ್ತೆ ಹೇಳ್ತೇನೆ, ಮೊದಲು ಇದು ಕೇಳಿ. ಇಲ್ಲಿಯವರು ದಿನಾ ದುಬೈ ಬಗ್ಗೆ ಕೇಳ್ತಾರೆ. ನನಗೆ ಎಂತ ಗೊತ್ತು? ಅಲ್ ನಹ್ದಾ, ತರಕಾರಿ ಅಂಗಡಿ, ಯಶ್ಮಿತಾನ ಸ್ಕೂಲ್ ಬಸ್ಸು. ಹಾಗೆ ಹೇಳಿದ್ರೆ ಪಾಪ, ಅವರ ಮುಖ ಸಣ್ಣದಾಗ್ತದೆ. ಅದಕ್ಕೆ ಸ್ವಲ್ಪ ಸೇರಿಸಿ ಹೇಳಿದೆ."

"ಎಂತ ಸೇರಿಸಿದೆ?"

"ಈಗ ಪಿಯರೀನಾಮ್ಮ ಅತಿಥಿಗಳಿಗೆ ಒಂದು ದುಬೈ ಕೋಣೆ ಕಟ್ಟಿಸ್ತಾ ಇದ್ದಾರೆ. ಮೇಸ್ತ್ರಿ ಇಲ್ಲೇ ನಿಂತಿದ್ದಾನೆ, ಅವಸರ ಮಾಡ್ತಾನೆ." ಅವರು ಫೋನನ್ನು ಬಾಯಿಗೆ ಹತ್ತಿರ ತಂದು ದನಿ ತಗ್ಗಿಸಿದರು. "ಬೇಗ ಹೇಳಿ, ಒಂಟೆ ಎಷ್ಟು ಎತ್ತರ ಇರ್ತದೆ? ಬಾಗಿಲಿನ ದಾರಂದ ಇಡ್ತಾ ಇದ್ದಾರೆ."